ಒಂಟಿ ಗಿಡದ ವಂಶ

ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸಿನ ಪೂರ್ವಕ್ಕೆ ಸುಮಾರು 600 ಕಿಲೋಮೀಟರು ದೂರದಲ್ಲಿ, ರಾಡ್ರಿಗಸ್ ಎಂಬ ದ್ವೀಪವಿದೆ. ವಿಸ್ತಾರ 108 ಚದರ ಕಿಲೋಮೀಟರು. ನಮ್ಮ ಒಂದು ಹೋಬಳಿಯಷ್ಟು. ಪ್ರಪಂಚದಲ್ಲಿ ಬೇರೆಲ್ಲಿಯೂ ಹುಟ್ಟದ ಗಿಡವೊಂದು ಅಲ್ಲಿಯದು. ಅದರ ಹೆಸರು ‘ಕಾಫೆ ಮಾರೋಂ’. ಕೊಡಗಿನ ಕಾಫಿ, ನಮ್ಮ ಅಂಗಳದ ಕೇಪಳ ಇವೆಲ್ಲ ಅದರ ದಾಯಾದಿಗಳು. ಹೂವು ಬಿಳಿಯದು, ಐದೆಸಳಿನದು.

ಜೀವಮಾನವೆಲ್ಲ ಶಬ್ದಗಳ ಬೆನ್ನು ಹತ್ತಿದ ನನ್ನನ್ನು ಮೊದಲು ಸೆಳೆದದ್ದು ಈ ಹೆಸರೇ. ‘ಮಾರೋಂ’ ಎಂದರೆ ಆ ದ್ವೀಪಗಳ ಆಡುಮಾತಿನಲ್ಲಿ ಕಾಡಿನದು ಎಂದರ್ಥ. ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರಿಗೂ ಅದೇ ಹೆಸರಿತ್ತು. ನಮ್ಮ ಕಾಡುಮಲ್ಲಿಗೆಯಂತೆ ಅವರದು ಕಾಡುಕಾಫಿ.

ಹೆಸರಿಗಿಂತ ಸೋಜಿಗದ್ದು ಅದರ ಎಲೆ. ಎಳೆಯ ಸಸಿಯ ಎಲೆಗಳು ಕಂದು ಬಣ್ಣದವು, ಗರಿಯಂತೆ ನೀಳವಾದವು. ಒಣಗಿದ ಕಡ್ಡಿಯೆಂದೇ ತೋರಬೇಕು. ಗಿಡ ಬೆಳೆದ ಮೇಲೆ ಬರುವ ಎಲೆಗಳಾದರೋ ಅಗಲವಾದವು, ಹಸಿರು ಹಸಿರಾದವು. ದ್ವೀಪದ ತುಂಬ ಹಿಂದೆ ಮೇಯುತ್ತಿದ್ದ ದೈತ್ಯ ಆಮೆಗಳ ಕಣ್ಣು ತಪ್ಪಿಸಲೆಂದೇ ಈ ವೇಷವೆಂದು ಸಸ್ಯಶಾಸ್ತ್ರಜ್ಞರು ಊಹಿಸುತ್ತಾರೆ. ಆ ಆಮೆಗಳನ್ನು ಹಡಗಿನವರು ಆಹಾರಕ್ಕಾಗಿ ಸಾವಿರಗಟ್ಟಲೆ ಹೊತ್ತೊಯ್ದು ನಿರ್ನಾಮ ಮಾಡಿದರು. ಅವುಗಳ ಬದಲಿಗೆ ಬಂದ ಆಡುಗಳ ಮುಂದೆ ಈ ವೇಷ ನಡೆಯಲಿಲ್ಲ. ಜನ ಸೌದೆಗೆ, ಬೇಸಾಯಕ್ಕೆ ಕಾಡು ಕಡಿದರು. ಹೊರಗಿನಿಂದ ತಂದ ಗಿಡಗಳು ಉಳಿದ ನೆಲವನ್ನು ಮುಚ್ಚಿದವು. ಕಾಡುಕಾಫಿ ಅಳಿಯಿತೆಂದೇ ಎಲ್ಲರೂ ತಿಳಿದರು.

1980ರ ಸುಮಾರಿಗೆ ಅಲ್ಲಿಯ ಶಾಲಾಮಾಸ್ತರರೊಬ್ಬರು ದ್ವೀಪದ ಅಪರೂಪದ ಗಿಡಗಳನ್ನು ಕುರಿತು ಮಕ್ಕಳಿಗೆ ಪಾಠ ಹೇಳಿ, ಈ ಗಿಡದ ಹಳೆಯ ಚಿತ್ರವನ್ನು ತೋರಿಸಿದರು. ಅಂಥದೊಂದು ತನ್ನ ಮನೆಯ ಹತ್ತಿರವೇ ಇದೆ ಎಂದ ಒಬ್ಬ ಹುಡುಗ. ಇದ್ದದ್ದು ನಿಜ, ಆದರೆ ಒಂದೇ ಒಂದು. ಮಾಸ್ತರಿಕೆಯ ಸಾರ್ಥಕ್ಯಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಪತ್ತೆಯಾದದ್ದೇ ಗಿಡಕ್ಕೆ ಹೊಸ ಗಂಡಾಂತರವಾಯಿತು. ಅದು ಗುಹ್ಯರೋಗಕ್ಕೆ ಮದ್ದೆಂಬ ನಂಬಿಕೆ ಊರಿನಲ್ಲಿತ್ತು. ಸುತ್ತ ಬೇಲಿ ಹಾಕಿದರೂ ರೆಂಬೆ ಮುರಿಯುವುದು ನಿಲ್ಲಲಿಲ್ಲ. ಹೀಗಾಗಿ 1986ರಲ್ಲಿ ಅದರ ತುಂಡುಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ವಿಮಾನದಲ್ಲಿ ಕಳಿಸಿದರು. ತುಂಡು ಬೇರುಬಿಟ್ಟಿತು, ಹೂವನ್ನೂ ಬಿಟ್ಟಿತು. ಕಾಯಿ ಮಾತ್ರ ಕಟ್ಟಲೊಲ್ಲದು. ತುಂಡಿನಿಂದ ಎಷ್ಟು ಗಿಡ ಮಾಡಿದರೂ ಅವೆಲ್ಲ ಅದೇ ಒಂದು ಗಿಡ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲೀತು. ಜೀವ ಉಳಿದಿತ್ತು, ವಂಶ ಉಳಿದಿರಲಿಲ್ಲ.

ಕ್ಯೂನಲ್ಲಿ ಕಾರ್ಲೋಸ್ ಮಗ್ದಲೇನ ಎಂಬ ತೋಟಗಾರ ಈ ಹಟವನ್ನು ಮುರಿಯಲು ಹೊರಟ. ಪರಾಗ ಬೇಕಾದಷ್ಟಿತ್ತು, ಶಲಾಕಾಗ್ರ ಅದನ್ನು ಒಳಗೊಳ್ಳುತ್ತಿರಲಿಲ್ಲ. ಅವನು ಆ ತುದಿಯನ್ನೇ ಕತ್ತರಿಸಿ, ಗಾಯದ ಮೇಲೆ ಪರಾಗವನ್ನು ಲೇಪಿಸಿದ. ನೂರಾರು ಹೂಗಳ ಮೇಲೆ ಕೈಯಾಡಿಸಿ, ಶಾಖ ಹೆಚ್ಚಿಸಿ ನೋಡಿ, 2003ರಲ್ಲಿ ಕೊನೆಗೂ ಕಾಯಿ ಕಂಡ. ಬೀಜದಿಂದ ಸಸಿಗಳು ಎದ್ದವು. ಮುಂದೆ ರಾಡ್ರಿಗಸ್ಸಿಗೂ ಬೀಜಗಳು ಮರಳಿದವು.

ಹಾಗೆ ಹುಟ್ಟಿದ ಸಸಿಗಳು ಇಂದಿಗೂ ಮೊದಲು ತೊಡುವುದು ಆ ಕಂದು ಬಣ್ಣದ ನೀಳ ಎಲೆಗಳನ್ನೇ.