ವಾಕಿಟಾಕಿ ಕೊಳ್ಳುವ ಮುನ್ನ, ಕೊಂಡ ಮೇಲೆ: ಪುಣೆಯ ಹೋಟೆಲ್ ಬಂಧುಗಳಿಗೆ ಕೆಲವು ಮಾತು

ಮ್ಹಾತ್ರೆ ಸೇತುವೆಯಿಂದ ರಾಜಾರಾಮ್ ಸೇತುವೆಯವರೆಗಿನ ಡಿ.ಪಿ. ರಸ್ತೆಯ ಲಾನ್‌ಗಳಲ್ಲಿ ಮದುವೆ ಊಟ ಹಿಡಿದವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. ಭಟ್ಟಿ ಹಿಂದಿನ ಮೂಲೆಯಲ್ಲಿ, ಪಂಕ್ತಿ ಮುಂದಿನ ಮಂಟಪದಲ್ಲಿ, ಟೆಂಪೊ ಗೇಟಿನ ಹೊರಗೆ. ಮಧ್ಯದಲ್ಲಿ ಬ್ಯಾಂಡಿನ ಸದ್ದು. ಸಾಂಬಾರು ಮುಗಿಯುತ್ತಿದೆ ಎಂದು ತಿಳಿಸಲು ಒಬ್ಬ ಹುಡುಗ ಓಡಬೇಕು, ಅವನು ತಿರುಗಿ ಬರುವಷ್ಟರಲ್ಲಿ ಬೀಗರು ಎಲೆಯ ಮುಂದೆ ಕೈಕಟ್ಟಿ ಕುಳಿತಿರುತ್ತಾರೆ. ಮೊಬೈಲ್ ಇದೆಯಲ್ಲ ಎನ್ನಬಹುದು. ಆದರೆ ನೆಲಮಾಳಿಗೆಯ ಹಾಲಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆ, ಅಲಕಾ ಚೌಕದ ಸುತ್ತ ಜನಸಾಗರ ಸೇರಿದಾಗ ಕರೆ ಹೋಗುವುದೇ ಕಷ್ಟ. ಎಣ್ಣೆ ಕೈಯಲ್ಲಿ ಫೋನ್ ತೆಗೆದು ನಂಬರ್ ಹುಡುಕುವುದಂತೂ ಆಗದ ಮಾತು.

ಹೀಗಾಗಿ ನಮ್ಮ ಸದಸ್ಯರಲ್ಲಿ ಅನೇಕರು ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್, ಅಂದರೆ ವಾಕಿಟಾಕಿಯ ಕಡೆ ನೋಡುತ್ತಿದ್ದಾರೆ. ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಒಮ್ಮೆಗೇ ಮಾತು ಮುಟ್ಟುತ್ತದೆ, ಪ್ರತಿ ಕರೆಗೂ ಖರ್ಚಿಲ್ಲ. ಒಳ್ಳೆಯ ಸಾಧನವೇ. ಆದರೆ ತಪ್ಪು ಸೆಟ್ ಕೊಂಡರೆ ಕಾನೂನಿನ ತೊಡಕು, ತಪ್ಪು ಜಾಗದಲ್ಲಿ ಗುಂಡಿ ಒತ್ತಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಈ ವಿಚಾರವನ್ನು ಕ್ರಮವಾಗಿ ನೋಡೋಣ.

ಯಾವ ಸೆಟ್ಟಿಗೆ ಲೈಸೆನ್ಸ್ ಬೇಡ?

ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ರೇಡಿಯೊ ಪ್ರೇಷಕವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು ಎಂಬುದೇ ಮೂಲ ನಿಯಮ. ಸರ್ಕಾರ ಕೆಲವು ತರಂಗಾಂತರಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ನಮಗೆ ಸಂಬಂಧಪಟ್ಟವು ಮುಖ್ಯವಾಗಿ ಎರಡು.

ಒಂದು, ಸಿಟಿಜನ್ ಬ್ಯಾಂಡ್, ಅಂದರೆ ಸಿ.ಬಿ. ಇದು 26.957ರಿಂದ 27.283 ಮೆಗಾಹರ್ಟ್ಸ್ ವರೆಗೆ. 2005ರ ನಿಯಮದಂತೆ ಇಲ್ಲಿ ಹೆಚ್ಚೆಂದರೆ 5 ವ್ಯಾಟ್ ಶಕ್ತಿಯ, ಆಂಟೆನಾ ಸೆಟ್ಟಿನಲ್ಲೇ ಇರುವ ಉಪಕರಣವನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಹೋಟೆಲಿನ ತಾರಸಿಯ ಮೇಲೆ ಬೇರೆ ಆಂಟೆನಾ ನಿಲ್ಲಿಸಿ ತಂತಿ ಎಳೆದರೆ ಅದು ಈ ವಿನಾಯಿತಿಯ ಹೊರಗೆ. ಎರಡನೆಯದು, 2018ರ ನಿಯಮದಲ್ಲಿ ವಿನಾಯಿತಿ ಪಡೆದ 446.0ರಿಂದ 446.2 ಮೆಗಾಹರ್ಟ್ಸ್. ಇವು ಕಡಿಮೆ ಶಕ್ತಿಯ, ಹತ್ತಿರದ ಮಾತಿಗಾಗಿರುವ ಸೆಟ್‌ಗಳು.

ವಿದೇಶದಲ್ಲಿರುವ ಅಳಿಯನೋ ತಮ್ಮನೋ ತಂದುಕೊಟ್ಟ ಸೆಟ್ ಬಳಸುವವರು ಒಂದು ಮಾತು ಗಮನಿಸಬೇಕು. ಅಮೆರಿಕದ ಸಿ.ಬಿ. ಸೆಟ್ಟಿನಲ್ಲಿ 40 ಚಾನೆಲ್ ಇರುತ್ತವೆ. ಅವುಗಳಲ್ಲಿ 1ರಿಂದ 27ರವರೆಗಿನವು ಮಾತ್ರ ನಮ್ಮ ವಿನಾಯಿತಿಯ ಮಿತಿಯೊಳಗೆ ಬರುತ್ತವೆ, 28ರಿಂದ ಮೇಲಿನವು ಹೊರಗೆ. ಅಲ್ಲಿ ಮನೆಮಂದಿ ಬಳಸುವ 462 ಮತ್ತು 467 ಮೆಗಾಹರ್ಟ್ಸ್‌ನ ಚಿಕ್ಕ ಸೆಟ್‌ಗಳು ನಮ್ಮ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಉಡುಗೊರೆಯಾಗಿ ಬಂದದ್ದು ಎಂಬ ಕಾರಣಕ್ಕೆ ಕಾನೂನು ಸಡಿಲವಾಗುವುದಿಲ್ಲ.

ಇನ್ನು ಅಗ್ಗಕ್ಕೆ ಸಿಗುವ ಕೆಲವು ಸೆಟ್‌ಗಳಲ್ಲಿ 136ರಿಂದ 174, 400ರಿಂದ 520 ಮೆಗಾಹರ್ಟ್ಸ್ ವರೆಗೆ ಯಾವ ತರಂಗಾಂತರವನ್ನಾದರೂ ಹಾಕಿಕೊಳ್ಳಬಹುದು. ಪೊಲೀಸ್, ಅಗ್ನಿಶಾಮಕ, ರೈಲ್ವೆಯಂಥ ಸೇವೆಗಳೂ ಈ ಪಟ್ಟಿಗಳಲ್ಲಿ ಮಾತನಾಡುತ್ತವೆ. ಇಂಥ ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂ.ಪಿ.ಸಿ. ವಿಭಾಗದ ಲೈಸೆನ್ಸ್ ಬೇಕು. ಅರ್ಜಿಯನ್ನು ಇಲಾಖೆಯ ಸರಳ ಸಂಚಾರ್ ಪೋರ್ಟಲ್ ಮೂಲಕ ಹಾಕಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಇವು ಯಾವ ವಿವರವೂ ಇಲ್ಲದೆ ಮಾರಾಟವಾಗುತ್ತಿದ್ದುದರಿಂದಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಆ ಕಂಪನಿಗಳಿಗೆ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು.

ಪುಣೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕ್ಯಾಂಪಿನಲ್ಲಿ ಸೇನೆಯ ದಕ್ಷಿಣ ಕಮಾಂಡ್, ಲೋಹಗಾಂವ್‌ನಲ್ಲಿ ವಾಯುಪಡೆಯ ನೆಲೆ, ಖಡಕ್‌ವಾಸ್ಲಾದಲ್ಲಿ ಎನ್.ಡಿ.ಎ., ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ. ಇಂಥ ಊರಿನಲ್ಲಿ ಎಲ್ಲಿಂದಲೋ ಬರುವ ಅನಧಿಕೃತ ಸಿಗ್ನಲನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಾವು ಕರೆದದ್ದು ಚಟ್ನಿಗೇ ಇರಬಹುದು, ವಿಚಾರಣೆಗೆ ಬಂದವರಿಗೆ ಅದನ್ನು ನಂಬಿಸುವುದು ಸುಲಭವಲ್ಲ.

ನಾರಾಯಣಗಾಂವ್ ಕಡೆ ಆರ್ಡರ್ ಹಿಡಿಯುವವರಿಗೆ ಇನ್ನೊಂದು ಸಂಗತಿ. ಅಲ್ಲಿ ಖೋಡದ್ ಬಳಿ ಜಿ.ಎಂ.ಆರ್.ಟಿ. ರೇಡಿಯೊ ದೂರದರ್ಶಕವಿದೆ. 45 ಮೀಟರ್ ವ್ಯಾಸದ 30 ಆಂಟೆನಾಗಳು ಆಕಾಶದ ಅತಿ ಕ್ಷೀಣ ಸಿಗ್ನಲ್‌ಗಳನ್ನು ಆಲಿಸುತ್ತಿರುತ್ತವೆ. ಅವು ಕೇಳುವ ತರಂಗಾಂತರಗಳಲ್ಲಿ 446 ಮೆಗಾಹರ್ಟ್ಸ್‌ನ ಆಸುಪಾಸೂ ಸೇರಿದೆ. ಆ ಸುತ್ತಮುತ್ತ ಊಟದ ಕೆಲಸಕ್ಕೆ ಹೋದಾಗ ಸೆಟ್ ಬಳಸುವ ಮೊದಲು ಆ ಸಂಸ್ಥೆಯವರನ್ನು ಕೇಳಿಕೊಳ್ಳುವುದು ಮರ್ಯಾದೆ.

ಕೊಳ್ಳುವಾಗ ಕೇಳಬೇಕಾದದ್ದು

ಅಂಗಡಿಯವನು "ಇದಕ್ಕೆ ಲೈಸೆನ್ಸ್ ಗಿಯ್ಸೆನ್ಸ್ ಏನೂ ಬೇಡ ಸಾಹೇಬ್" ಎಂದರೆ ಅಷ್ಟಕ್ಕೆ ಬಿಡಬೇಡಿ. ಯಾವ ತರಂಗಾಂತರ, ಎಷ್ಟು ವ್ಯಾಟ್, ಇ.ಟಿ.ಎ. ಎಂಬ ಸರ್ಕಾರಿ ಅನುಮೋದನೆಯ ನಂಬರ್ ಯಾವುದು, ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸೀಸನ್ನಿಗೆ ಬಾಡಿಗೆ ತರುವವರಾದರೆ ಬಾಡಿಗೆ ಕೊಡುವವರ ಲೈಸೆನ್ಸ್ ಪ್ರತಿಯನ್ನು ಕೇಳಿ ಪಡೆಯಿರಿ. ಅವೆಲ್ಲವನ್ನೂ ಎಫ್.ಎಸ್.ಎಸ್.ಎ.ಐ. ಮತ್ತು ಶಾಪ್ ಆಕ್ಟ್ ಕಾಗದಗಳ ಫೈಲಿನಲ್ಲೇ ಇಡಿ.

ಪೆಟ್ಟಿಗೆಯ ಮೇಲೆ "10 ಕಿಲೋಮೀಟರ್" ಎಂದು ಅಚ್ಚಾಗಿರುವುದನ್ನು ನಂಬಿ ಕಾತ್ರಜ್‌ನ ಅಡುಗೆಮನೆಯಿಂದ ಹಿಂಜವಡಿಯ ಹಾಲಿಗೆ ಮಾತನಾಡುವ ಆಸೆ ಇಟ್ಟುಕೊಳ್ಳಬೇಡಿ. ಆ ಲೆಕ್ಕ ಅಡೆತಡೆಯಿಲ್ಲದ ಬಯಲಿನದು. ಕಾಂಕ್ರೀಟ್ ಗೋಡೆ, ಕಬ್ಬಿಣದ ಶೆಡ್, ಲಿಫ್ಟ್ ಅಡ್ಡ ಬಂದರೆ ಕೆಲವು ನೂರು ಮೀಟರ್ ಸಿಕ್ಕಿದರೂ ಸಾಕು. 27 ಮೆಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 11 ಮೀಟರ್. ಅದಕ್ಕೆ ಸರಿಯಾದ ಕಾಲು ತರಂಗದ ಆಂಟೆನಾ ಮಾಡಿದರೂ ಎರಡೂಮುಕ್ಕಾಲು ಮೀಟರ್ ಬೇಕು. ಕೈಸೆಟ್ಟಿನ ಗೇಣುದ್ದದ ಆಂಟೆನಾ ಅಷ್ಟು ಕೆಲಸ ಮಾಡಲಾರದು. ಮೇಲಾಗಿ ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್, ಹಳೆಯ ಟ್ಯೂಬ್‌ಲೈಟ್‌ಗಳ ಗರಗರ ಸದ್ದು ಸಿ.ಬಿ.ಯಲ್ಲಿ ಬೇಗ ಕೇಳಿಸುತ್ತದೆ. ಕಟ್ಟಡದ ಒಳಗಿನ ಕೆಲಸಕ್ಕೆ 446ರ ಸೆಟ್ ಸಾಮಾನ್ಯವಾಗಿ ಅನುಕೂಲ. ಏನೇ ಆದರೂ ಎರಡು ಸೆಟ್ ತಂದು ನಿಮ್ಮ ಜಾಗದಲ್ಲೇ, ಫ್ರಿಜ್ ಕೋಣೆಯಿಂದ ಗೇಟಿನ ತನಕ ನಡೆದು ನೋಡಿ, ಆಮೇಲೆ ಉಳಿದವನ್ನು ಕೊಳ್ಳಿ. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೊಬೈಲೇ ಸರಿ.

ಗ್ಯಾಸ್ ವಾಸನೆ ಬಂದರೆ ಗುಂಡಿ ಮುಟ್ಟಬೇಡಿ

ಇದು ಈ ಲೇಖನದ ಅತಿ ಮುಖ್ಯ ಭಾಗ. ಪ್ರತಿ ಅಡುಗೆಮನೆಯ ಗೋಡೆಯ ಮೇಲೆ ಬರೆದು ಅಂಟಿಸಬೇಕಾದದ್ದು.

ನಮ್ಮ 19 ಕೆ.ಜಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ, ಚರಂಡಿಯಲ್ಲಿ, ನೆಲಮಾಳಿಗೆಯಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡ 2ರಷ್ಟು ಬೆರೆತರೂ ಒಂದು ಕಿಡಿ ಸಾಕು. ಸಾಮಾನ್ಯ ವಾಕಿಟಾಕಿಯ ಸ್ವಿಚ್ ಮತ್ತು ಬ್ಯಾಟರಿಯ ಸಂಪರ್ಕದಲ್ಲಿ ಕಿಡಿ ಹುಟ್ಟಬಹುದು. ಇಂಥ ಜಾಗಕ್ಕೆಂದೇ ಪ್ರಮಾಣಪತ್ರ ಪಡೆದ ವಿಶೇಷ ಸೆಟ್‌ಗಳಿವೆ, ಆದರೆ ಮಾಮೂಲು ಬೆಲೆಯ ಸೆಟ್ ಆ ಜಾತಿಯದಲ್ಲ. ಆದ್ದರಿಂದ ಗ್ಯಾಸ್ ಬ್ಯಾಂಕ್ ಇರುವ ಕೋಣೆಗೆ ಸೆಟ್ ಒಯ್ಯುವುದು ಬೇಡ. ವಾಸನೆ ಬಂದರೆ ಬೆಂಕಿ ಆರಿಸಿ, ಕೈಗೆಟುಕಿದರೆ ವಾಲ್ವ್ ತಿರುಗಿಸಿ, ಲೈಟ್ ಸ್ವಿಚ್ಚನ್ನೂ ಸೆಟ್ಟನ್ನೂ ಮುಟ್ಟದೆ ಹೊರಗೆ ಬನ್ನಿ. ಜನರನ್ನು ಬಾಯಿಂದ ಕೂಗಿ ಎಬ್ಬಿಸಿ. ಸಾಕಷ್ಟು ದೂರ ಬಂದ ಮೇಲೆಯೇ 1906ಕ್ಕೆ, ಬೆಂಕಿಯಾದರೆ 101 ಅಥವಾ 112ಕ್ಕೆ ಕರೆ ಮಾಡಿ. ಆ ಜಾಗದಲ್ಲಿ ಬ್ಯಾಟರಿ ಬದಲಿಸುವುದಂತೂ ಎಂದೂ ಕೂಡದು.

ಎರಡನೆಯ ಸಂದರ್ಭ, ವಾರಸುದಾರರಿಲ್ಲದ ಚೀಲ. 2010ರ ಫೆಬ್ರವರಿ 13ರಂದು ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬ್ ಸ್ಫೋಟಿಸಿ 17 ಮಂದಿ ಸತ್ತರು. ನಮ್ಮದೇ ವ್ಯವಹಾರದ, ನಮ್ಮದೇ ಊರಿನ ಜಾಗ ಅದು. ಅಂದಿನಿಂದ ಟೇಬಲ್ ಕೆಳಗಿನ ಚೀಲವನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತಿದ್ದೇವೆ. ಹಾಗೆ ಸಂಶಯದ ವಸ್ತು ಕಂಡಾಗ ಅದರ ಪಕ್ಕದಲ್ಲಿ ನಿಂತು ವಾಕಿಟಾಕಿಯಲ್ಲಿಯೋ ಮೊಬೈಲಿನಲ್ಲಿಯೋ ಮಾತನಾಡಬಾರದು. ಕೆಲವು ಬಗೆಯ ಸ್ಫೋಟಕ ಸಾಧನಗಳಿಗೆ ರೇಡಿಯೊ ಅಲೆಯೇ ಪ್ರಚೋದನೆಯಾಗಬಹುದು. ಮುಟ್ಟದೆ, ತೆರೆಯದೆ, ಗಿರಾಕಿಗಳನ್ನು ಹೊರಗೆ ಕಳಿಸಿ, ದೂರ ಹೋಗಿ 112ಕ್ಕೆ ತಿಳಿಸಿ.

ಉಳಿದ ಎಚ್ಚರಗಳು ಚಿಕ್ಕವು. ಸೆಟ್ಟನ್ನು ಆಂಟೆನಾ ಹಿಡಿದು ಎತ್ತಬಾರದು. ಬಿಚ್ಚಬಹುದಾದ ಆಂಟೆನಾ ಆಗಿದ್ದರೆ ಅದನ್ನು ತೆಗೆದು ಗುಂಡಿ ಒತ್ತಬಾರದು, ಒಳಗಿನ ಭಾಗ ಸುಟ್ಟುಹೋದೀತು. ಚಾರ್ಜರನ್ನು ಒಲೆಯಿಂದ, ನೀರಿನಿಂದ ದೂರ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಅಂದೇ ತೆಗೆದುಬಿಡಬೇಕು. ಬಿಡಿ ಬ್ಯಾಟರಿಯನ್ನು ಚಿಲ್ಲರೆ ನಾಣ್ಯ, ಬೀಗದ ಕೈ ಇರುವ ಜೇಬಿಗೆ ಹಾಕಬಾರದು. ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಸೆಟ್ಟನ್ನು ಶರ್ಟಿನ ಜೇಬಿನಲ್ಲಿಡದೆ, ವೈದ್ಯರನ್ನು ಕೇಳಿಕೊಂಡೇ ಬಳಸಬೇಕು.

ಕನ್ನಡದಲ್ಲಿ ಮಾತನಾಡುವ ಕ್ರಮ

ಈ ಸೆಟ್ಟಿನಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬಹುದು. ಗುಂಡಿ ಒತ್ತಿ, ಒಂದು ಸೆಕೆಂಡ್ ತಡೆದು ಮಾತು ಶುರು ಮಾಡಿ. ಇಲ್ಲದಿದ್ದರೆ ಮೊದಲ ಅಕ್ಷರ ನುಂಗಿಹೋಗಿ "ಸಾಂಬಾರ್" ಬರೀ "ಬಾರ್" ಆಗುತ್ತದೆ. ಹಾಗೆಯೇ ಮಾತು ಪೂರ್ತಿ ಮುಗಿದ ಮೇಲೆಯೇ ಗುಂಡಿ ಬಿಡಿ. ನಮ್ಮ ಭಾಷೆಯಲ್ಲಿ ಇದು ಬಹಳ ಮುಖ್ಯ. ಕನ್ನಡದಲ್ಲಿ ಬೇಡ ಎನ್ನುವ ಅರ್ಥ ಮಾತಿನ ಬಾಲದಲ್ಲಿರುತ್ತದೆ. "ಕಳಿಸಬೇಡಿ" ಎನ್ನುವಾಗ ಅವಸರದಲ್ಲಿ ಗುಂಡಿ ಬಿಟ್ಟರೆ ಅಲ್ಲಿ ಕೇಳುವುದು "ಕಳಿಸ..." ಅಷ್ಟೇ. ಮರಾಠಿಯ "ಪಾಠವೂ ನಕಾ" ಮಾತಿಗೂ ಇದೇ ಗತಿ. ಆದ್ದರಿಂದ ತಡೆಯುವ ಮಾತಿಗೆ "ನಿಲ್ಲಿಸಿ" ಎಂಬ ಬೇರೆಯೇ ಪದವನ್ನು ಗೊತ್ತುಮಾಡಿಕೊಳ್ಳಿ: "ನಿಲ್ಲಿಸಿ, ಅನ್ನ ನಿಲ್ಲಿಸಿ."

ಅಂಕಿಗಳಲ್ಲೂ ಎಡವಟ್ಟಾಗುತ್ತದೆ. ಹಿಂದಿಯ "ಸಾತ್" ಮತ್ತು "ಸಾಠ್", ಇಂಗ್ಲಿಷಿನ "ಫಿಫ್ಟೀನ್" ಮತ್ತು "ಫಿಫ್ಟಿ" ಸೆಟ್ಟಿನ ಗರಗರದಲ್ಲಿ ಒಂದೇ ಆಗಿ ಕೇಳುತ್ತವೆ. ಏಳು ಪ್ಲೇಟಿನ ಜಾಗಕ್ಕೆ ಅರವತ್ತು ಬಂದರೆ ನಷ್ಟ ಯಾರದು? ಅಂಕಿಯನ್ನು ಬಿಡಿಬಿಡಿಯಾಗಿ, "ಒಂದು-ಐದು, ಹದಿನೈದು" ಎಂದು ಎರಡು ಸಲ ಹೇಳಿಸಿ. ಬೇರೆ ರಾಜ್ಯದ ಹುಡುಗರು ಇದ್ದರೆ ಎಲ್ಲರಿಗೂ ಅರ್ಥವಾಗುವ ಇಪ್ಪತ್ತು ಪದಗಳ ಪಟ್ಟಿ ಮಾಡಿ, ಅಷ್ಟನ್ನೇ ಬಳಸಿ.

ಕರೆಯುವಾಗ ವ್ಯಕ್ತಿಯ ಹೆಸರಿಗಿಂತ ಜಾಗದ ಹೆಸರು ಅನುಕೂಲ. ಹೀಗೆ:

"ಭಟ್ಟಿ, ಭಟ್ಟಿ, ನಾನು ಹಾಲ್. ಓವರ್."
"ಹಾಲ್, ಭಟ್ಟಿ ಕೇಳ್ತಾ ಇದೆ, ಹೇಳಿ. ಓವರ್."
"ಸಾಂಬಾರ್ ಎರಡು ಬಕೆಟ್, ಮೂರನೇ ಪಂಕ್ತಿಗೆ ಕಳಿಸಿ. ಓವರ್."
"ಸಾಂಬಾರ್ ಎರಡು, ಮೂರನೇ ಪಂಕ್ತಿ. ಕಳಿಸ್ತೇವೆ. ಔಟ್."

ಕೇಳಿದ್ದನ್ನು ತಿರುಗಿ ಹೇಳುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹಿರಿಯ ಭಟ್ಟರನ್ನು "ಭಟ್ಟಿ" ಎಂದು ಕರೆಯಲು ಹುಡುಗರಿಗೆ ಮುಜುಗರವಾಗಬಹುದು. ಅದು ಜಾಗದ ಹೆಸರು ಎಂದು ಇಬ್ಬರಿಗೂ ಮೊದಲೇ ತಿಳಿಸಿ, ಮಾತು ಬಹುವಚನದಲ್ಲೇ ಇರಲಿ. ಸೆಟ್ಟನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಸಹಜ ದನಿಯಲ್ಲಿ ಮಾತನಾಡಬೇಕು. ಕೂಗಿದರೆ ಮಾತು ಒಡೆದು ಕೇಳುತ್ತದೆ. ಬೈಗುಳವಂತೂ ಬೇಡವೇ ಬೇಡ, ಕ್ಯಾಪ್ಟನ್ ಸೊಂಟದಲ್ಲಿರುವ ಸೆಟ್ ಗಿರಾಕಿಯ ಕಿವಿಗೆ ಹತ್ತಿರವೇ ಇರುತ್ತದೆ. ಹಾಲಿನಲ್ಲಿ ಓಡಾಡುವವರಿಗೆ ಇಯರ್‌ಫೋನ್ ಕೊಡಿ.

ಕೊನೆಯದಾಗಿ, ಇದು ಗುಟ್ಟಿನ ಸಾಧನವಲ್ಲ. ಅದೇ ಚಾನೆಲ್ ಹಾಕಿದ ಯಾರು ಬೇಕಾದರೂ ಕೇಳಬಹುದು. ಸೆಟ್ಟಿನಲ್ಲಿರುವ "ಪ್ರೈವಸಿ ಕೋಡ್" ಬೇರೆಯವರ ಮಾತು ನಮಗೆ ಕೇಳದಂತೆ ಮಾಡುತ್ತದೆಯೇ ಹೊರತು ನಮ್ಮ ಮಾತನ್ನು ಮುಚ್ಚಿಡುವುದಿಲ್ಲ. ಗಲ್ಲಾದ ಹಣ ಎಷ್ಟು, ಯಾರು ಬ್ಯಾಂಕಿಗೆ ಒಯ್ಯುತ್ತಿದ್ದಾರೆ, ವಧುವಿನ ಒಡವೆ ಯಾವ ಕೋಣೆಯಲ್ಲಿದೆ, ಇಂಥ ಮಾತು ಸೆಟ್ಟಿನಲ್ಲಿ ಬರಲೇಬಾರದು. ಪಕ್ಕದ ಲಾನಿನವರೂ ಅದೇ ಚಾನೆಲಿನಲ್ಲಿದ್ದರೆ ಜಗಳವಾಡದೆ, ಮಾತಾಡಿಕೊಂಡು ಒಬ್ಬರು ಬದಲಿಸಿಕೊಳ್ಳಿ. ವಿನಾಯಿತಿಯ ತರಂಗಾಂತರ ಯಾರಪ್ಪನ ಆಸ್ತಿಯೂ ಅಲ್ಲ.

ಈ ಸೀಸನ್ನಿನ ಮೊದಲ ಮುಹೂರ್ತಕ್ಕೆ ಮುಂಚೆ ಒಂದು ಮಧ್ಯಾಹ್ನ, ಹೋಟೆಲಿನಲ್ಲಿ ಗಿರಾಕಿ ಕಡಿಮೆಯಿರುವ ಮೂರು ಗಂಟೆಯ ಹೊತ್ತಿಗೆ, ಹುಡುಗರನ್ನೆಲ್ಲ ಕೂರಿಸಿ ಅರ್ಧ ಗಂಟೆ ಅಭ್ಯಾಸ ಮಾಡಿಸಿ. ಅದರಲ್ಲಿ ಹತ್ತು ನಿಮಿಷ ಗ್ಯಾಸ್ ವಾಸನೆಯ ಪಾಠಕ್ಕೆ ಮೀಸಲಿರಲಿ. ಸೆಟ್ಟಿನಲ್ಲಿ ಮಾತನಾಡುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಯಾವಾಗ ಗುಂಡಿ ಮುಟ್ಟಬಾರದು ಎಂಬುದನ್ನು ಮಾಲೀಕರೇ ನಿಂತು ಕಲಿಸಬೇಕು.