ಫೋನಲ್ಲಿ ಸೊರಬದ ‘ಸ’ ಎಲ್ಲಿ ಹೋಗುತ್ತೆ?

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಎರಡು ಹೆಸರು ಕೇಳಿ: ಶಿಕಾರಿಪುರ, ಸೊರಬ. ಅಕ್ಕಪಕ್ಕದ ತಾಲ್ಲೂಕುಗಳು. ಆದ್ರೆ 2ಜಿ ಕಾಲ್‌ನಲ್ಲಿ ಶಿಕಾರಿಪುರದ ‘ಶ’ ಹೆಚ್ಚುಕಮ್ಮಿ ಸರಿಯಾಗೇ ಬರುತ್ತೆ, ಸೊರಬ ಮಾತ್ರ ‘ಫೊರಬ’ ಅಂದ ಹಾಗೆ ಕೇಳಿಸಬಹುದು.

ಕಾರಣ ಲೆಕ್ಕದಲ್ಲಿದೆ. ಫೋನ್ ನಮ್ಮ ದನಿಯ ಅಲೆಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳಾಗಿ ಬರ್ಕೊಳ್ಳುತ್ತೆ. ಆ ಅಂಕಿಗಳನ್ನು ಕೂಡಿ, ಗುಣಿಸಿ, ಸೋಸೋ ಕೆಲಸವೇ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಎಷ್ಟು ಸಲ ಅಳೀತೀವೋ ಅದರ ಅರ್ಧದಷ್ಟು ಕಂಪನದವರೆಗೆ ಮಾತ್ರ ಹಿಡಿಯೋಕಾಗೋದು. ಅಂದ್ರೆ 4,000 ಹರ್ಟ್ಸ್. ಫೋನ್ ಇನ್ನೂ ಮೊದಲೇ, 3,400ರ ಆಸುಪಾಸಲ್ಲೇ ಕತ್ತರಿಸುತ್ತೆ. ‘ಸ’ದ ಸ್ಸ್ ಅನ್ನೋ ಸದ್ದಿನ ಬಹುಪಾಲು ಇರೋದು ಅದರಾಚೆ! ‘ಶ’ ಸ್ವಲ್ಪ ಕೆಳಗಿಂದಲೇ ಶುರುವಾಗುತ್ತೆ, ಬಚಾವ್.

ವೋಲ್ಟಿಯ ಎಚ್‌ಡಿ ಕಾಲ್‌ನಲ್ಲಿ 16,000 ಸಲ ಅಳೆಯೋದ್ರಿಂದ 7,000 ಹರ್ಟ್ಸ್‌ವರೆಗಿನ ದನಿ ಸಿಗುತ್ತೆ. ಆದ್ರೆ ಎರಡೂ ಕಡೆ ಆ ಸೌಲಭ್ಯ ಇರಬೇಕು.

ಇನ್ನು ಮಲೆನಾಡ ಮಳೆ. ತಗಡಿನ ಮಾಡಿನ ಕೆಳಗೆ ನಿಂತು ಮಾತಾಡಿದ್ರೆ, ಒಂದೇ ಸಮ ಸುರಿಯೋ ಸದ್ದನ್ನು ಫೋನ್ ಗುರುತಿಸಿ ಕಳೆಯೋಕೆ ನೋಡುತ್ತೆ. ‘ಸ’ ಕೂಡ ಮಳೆಯಂಥದ್ದೇ ಸದ್ದು ತಾನೆ, ಕೆಲವೊಮ್ಮೆ ಅದೂ ಜೊತೆಗೇ ಹೋಗುತ್ತೆ.

ಊರಿನವರ ಜೊತೆ ಮಾತಾಡುವಾಗ ಇದು ಗೊತ್ತೇ ಆಗಲ್ಲ. ಬಿಟ್ಟುಹೋದ ಅಕ್ಷರವನ್ನು ಅವರ ಮಿದುಳೇ ತುಂಬ್ಕೊಳ್ಳುತ್ತೆ. ನಿಮ್ಮೂರಿನ ಹೆಸರೇ ಕೇಳಿರದವರಿಗೆ ಹಾಗಾಗಲ್ಲ. ಅದಕ್ಕೇ 108ಕ್ಕೆ ಫೋನ್ ಮಾಡಿದಾಗ ಬರೀ ಹಳ್ಳಿ ಹೆಸರು ಹೇಳಿ ನಿಲ್ಲಿಸಬೇಡಿ. ‘ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಚಂದ್ರಗುತ್ತಿ ಹತ್ರ’ ಅಂತ ಪೂರ್ತಿ ಹೇಳಿ.