ಗಡಿಯಾರ ತಪ್ಪಿಸುವ ನಂಬರ್

ಇವತ್ತು ಒಂದೇ ಒಂದು ನಂಬರ್ ಬಗ್ಗೆ ಮಾತಾಡ್ತೀನಿ. 2147483647. ಹತ್ತಂಕಿ, ನಿಮ್ಮ ಮೊಬೈಲ್ ನಂಬರಿನಷ್ಟೇ ಉದ್ದ. ಓದೋದಾದ್ರೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ.

ಇದು ಅವಿಭಾಜ್ಯ ಸಂಖ್ಯೆ. ಹಾಗಂದ್ರೇನು? ಶಿರಸಿ, ಸಿದ್ದಾಪುರ, ಯಲ್ಲಾಪುರದ ವೀಕ್ಷಕರಿಗೆ ಅಡಿಕೆಯಲ್ಲೇ ಹೇಳಿಬಿಡ್ತೀನಿ. ಅಂಗಳದಲ್ಲಿ ಹನ್ನೆರಡು ಅಡಿಕೆ ಇದ್ರೆ ಮೂರು ಸಾಲು, ಸಾಲಿಗೆ ನಾಲ್ಕು. ಹದಿಮೂರಿದ್ರೆ? ಏನೇ ತಿಪ್ಪರಲಾಗ ಹಾಕಿ, ಒಂದೇ ಉದ್ದ ಸಾಲು. ಸಮ ಸಾಲು ಮಾಡೋಕೆ ಹೋದ್ರೆ ಒಂದಾದರೂ ಹೊರಗೆ ಉಳಿಯುತ್ತೆ. ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ ಅಡಿಕೆ ಹರಡಿದರೂ ಅದೇ ಹಣೆಬರಹ.

ಅಷ್ಟನ್ನು ಹರಡಿ ನೋಡಿದವರು ಯಾರು? ಲಿಯೊನಾರ್ಡ್ ಆಯ್ಲರ್, 1772ರಲ್ಲಿ, ಕಣ್ಣು ಹೆಚ್ಚುಕಮ್ಮಿ ಹೋದ ಮೇಲೆ! 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರೋ ಸಂಖ್ಯೆ ಇದು. 46,340ರವರೆಗೆ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡದು ಭಾಗಿಸಿದರೆ ಅದರ ಜೋಡಿ ಚಿಕ್ಕದಿರಲೇಬೇಕು. ಅಷ್ಟೂ ಬೇಕಿಲ್ಲ. ಇದನ್ನು ಭಾಗಿಸಬಲ್ಲ ಸಂಖ್ಯೆ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಬೇಕು ಅನ್ನೋದು ಲೆಕ್ಕ. ಹೀಗೆ ಜರಡಿ ಹಿಡಿದರೆ 372ಕ್ಕಿಂತ ಹೆಚ್ಚು ಭಾಗಾಕಾರ ಬೇಡ. ಒಂದೂ ಸರಿಯಾಗಿ ಭಾಗ ಹೋಗಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್‌ನಲ್ಲಿ ಕ್ಯಾಲ್ಕುಲೇಟರ್ ಒತ್ತಿದ ನನಗೆ ಹೊಟ್ಟೆಕಿಚ್ಚಾಗುತ್ತೆ.

ಇದರಿಂದ ನಮಗೇನು ಅಂತೀರಾ? ಹಳೇ ಕಂಪ್ಯೂಟರ್‌ಗಳು ಒಂದು ಸಂಖ್ಯೆ ಬರೆಯೋಕೆ 32 ಖಾನೆ ಇಡ್ತಿದ್ದವು. ಒಂದು ಖಾನೆ ಪ್ಲಸ್ಸೋ ಮೈನಸ್ಸೋ ಹೇಳೋಕೆ. ಉಳಿದ 31ರಲ್ಲಿ ಹಿಡಿಯೋ ಅತಿ ದೊಡ್ಡ ಸಂಖ್ಯೆ ಇದೇ. ಅದು ಅವಿಭಾಜ್ಯ ಆಗಿರೋದು ಇಲ್ಲಿ ಕಾಕತಾಳೀಯ, ಗಡಿ ಅನ್ನೋದು ಮುಖ್ಯ. 2014ರಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಈ ಗಡಿ ದಾಟಿತು, ಯೂಟ್ಯೂಬ್ ಎಣಿಕೆಯ ಖಾನೆಯನ್ನು 64ಕ್ಕೆ ಏರಿಸಿತ್ತು.

ಹಾಡಿನ ಕಥೆ ಬಿಡಿ. ಅನೇಕ ಯಂತ್ರಗಳು ಹೊತ್ತನ್ನು 1970ರ ಜನವರಿ 1ರಿಂದ ಸೆಕೆಂಡ್ ಲೆಕ್ಕದಲ್ಲಿ ಎಣಿಸ್ತಾ ಬಂದಿವೆ. ಆ ಎಣಿಕೆ ಈ ಸಂಖ್ಯೆ ಮುಟ್ಟೋದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ ಪ್ಲಸ್ ಹೋಗಿ ಮೈನಸ್! 32 ಖಾನೆಯ ಯಂತ್ರ 1901ರ ಡಿಸೆಂಬರ್‌ಗೆ ಜಿಗಿಯುತ್ತೆ.

ನಿಮ್ಮ ಕೈಯಲ್ಲಿರೋ ಹೊಸ ಫೋನ್ 64 ಖಾನೆಯದ್ದು, ಅದಕ್ಕೆ ಭಯವಿಲ್ಲ. ನನಗೆ ಚಿಂತೆ ಮೂಲೆಯಲ್ಲಿ ಕೂತು ಸದ್ದಿಲ್ಲದೆ ದುಡಿಯೋ ಹಳೇ ಯಂತ್ರಗಳದ್ದು, ಯಾರೂ ತೆರೆದು ನೋಡದ ಹಳೇ ಸಾಫ್ಟ್‌ವೇರ್‌ನದ್ದು. 2038 ದೂರ ಅನ್ನಬೇಡಿ. ಇಪ್ಪತ್ತು ವರ್ಷದ ಮನೆಸಾಲ ಇವತ್ತು ತಗೊಂಡ್ರೆ ಕೊನೇ ಕಂತು ಆ ಮಂಗಳವಾರದ ಆಚೆ ಬೀಳುತ್ತೆ. ಅಂದ್ರೆ ಬಡ್ಡಿ ಲೆಕ್ಕ ಹಾಕೋ ಕಂಪ್ಯೂಟರ್ ಆ ತಾರೀಕನ್ನು ಇವತ್ತೇ ಬರೆಯಬೇಕು.

ಅಡಿಕೆ ದುಡ್ಡು ಸೊಸೈಟಿಯಲ್ಲಿ ಇಟ್ಟವರು ಈ ಸಲದ ವಾರ್ಷಿಕ ಸಭೆಯಲ್ಲಿ ಊಟಕ್ಕೆ ಏಳೋ ಮುಂಚೆ ಕೇಳಿಬಿಡಿ: ನಮ್ಮ ಸಾಫ್ಟ್‌ವೇರ್ 2038 ದಾಟುತ್ತಾ, ಪರೀಕ್ಷೆ ಮಾಡಿದ್ದೀರಾ?